8.8ರ ಭೂಕಂಪವಾದರೂ ಚಿಲಿಯಲ್ಲಿ ಸಾವು ಅಷ್ಟು ಕಡಿಮೆ ಯಾಕೆ?

ಪ್ರಶ್ನೆ: 2010ರ ಜನವರಿಯಲ್ಲಿ ಹೈಟಿಯ 7.0 ತೀವ್ರತೆಯ ಭೂಕಂಪಕ್ಕೆ ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಮರುತಿಂಗಳೇ ಚಿಲಿಯಲ್ಲಿ 8.8ರದ್ದು ಆಯಿತು, ಸತ್ತವರು ಸುಮಾರು 525. ಚಿಲಿಯವರ ಅದೃಷ್ಟವಾ?

ಅದೃಷ್ಟ ಸ್ವಲ್ಪ ಇತ್ತು ನಿಜ. ಹೈಟಿಯಲ್ಲಿ ನೆಲ ಬಿರಿದದ್ದು ರಾಜಧಾನಿಯ ಮಗ್ಗುಲಲ್ಲೇ, ಅದೂ ಮೇಲುಮೇಲಕ್ಕೆ. ಚಿಲಿಯಲ್ಲಿ ಅದು ಸಮುದ್ರದಡಿ, ಇನ್ನೂ ಆಳದಲ್ಲಿ ಆಯಿತು. ಆದರೆ 8.8 ಅಂದರೆ 7.0ಕ್ಕಿಂತ ಸುಮಾರು 500 ಪಟ್ಟು ಶಕ್ತಿ. ಅಷ್ಟನ್ನು ಬರೀ ಅದೃಷ್ಟ ತಡೆಯುವುದಿಲ್ಲ.

ಚಿಲಿಯ ಕರಾವಳಿಯ ಬಹುಪಾಲು ಉದ್ದಕ್ಕೂ ನಾಜ್ಕಾ ಎಂಬ ಭೂಫಲಕ (ಭೂಮಿಯ ಗಟ್ಟಿ ಹೊರಪದರದ ಒಂದು ದೊಡ್ಡ ತುಂಡು) ದಕ್ಷಿಣ ಅಮೆರಿಕದ ಫಲಕದ ಅಡಿಗೆ ನುಗ್ಗುತ್ತಿದೆ. ವರ್ಷಕ್ಕೆ 6-7 ಸೆಂ.ಮೀ. ಸಿಕ್ಕಿಕೊಂಡ ಜಾಗದಲ್ಲಿ ಒತ್ತಡ ಕೂಡುತ್ತಾ ಹೋಗಿ ಒಂದು ದಿನ ಕಿತ್ತುಕೊಳ್ಳುತ್ತದೆ. 1960ರ ಮೇ 22ರಂದು ವಾಲ್ಡಿವಿಯಾ ಕಡೆ ಹೀಗೆ ಕಿತ್ತುಕೊಂಡದ್ದು ಸುಮಾರು 1000 ಕಿ.ಮೀ. ಉದ್ದಕ್ಕೆ! ತೀವ್ರತೆ 9.5. ಇದುವರೆಗೆ ದಾಖಲಾದವುಗಳಲ್ಲಿ ಅದೇ ದೊಡ್ಡದು. ಅದು ಎಬ್ಬಿಸಿದ ಸುನಾಮಿ ಅಲೆಗಳು ಜಪಾನಿನಲ್ಲೂ ನೂರಕ್ಕೂ ಜಾಸ್ತಿ ಜನರನ್ನು ಕೊಂದವು.

ಆಗ ನಡೆದ ಒಂದು ಸಂಗತಿ ನನಗೆ ಮರೆಯಲಾಗದು. ಗುಡ್ಡ ಕುಸಿದು ರಿನ್ಯೀವೆ ಸರೋವರದ ಬಾಯಿ ಕಟ್ಟಿಹೋಯಿತು. ದಿನದಿನಕ್ಕೂ ನೀರು ಏರತೊಡಗಿತು. ಆ ಮಣ್ಣು ಒಮ್ಮೆಲೇ ಒಡೆದಿದ್ದರೆ ಕೆಳಗಿನ ಊರುಗಳು ಉಳಿಯುತ್ತಿರಲಿಲ್ಲ. ಬುಲ್ಡೋಜರ್‌ಗಳು ಕೆಸರಲ್ಲಿ ಹೂತುಕೊಂಡವು. ಆಗ ಕೆಲಸಗಾರರು ಸಲಿಕೆ ಹಿಡಿದರು. 24 ಮೀಟರ್ ಎತ್ತರದ ಅಡ್ಡಗಟ್ಟನ್ನು 15 ಮೀಟರಿಗೆ ಇಳಿಸಿದರು. ಎರಡು ತಿಂಗಳ ಮೇಲೆ ನೀರು ನುಗ್ಗಿ ವಾಲ್ಡಿವಿಯಾದ ತಗ್ಗು ಜಾಗಗಳು ಮುಳುಗಿದವು, ಆದರೆ ಊರು ಉಳಿಯಿತು.

ಇನ್ನು ಮನೆಗಳ ವಿಷಯ. 1939ರಲ್ಲಿ ಚಿಯಾನ್ ಊರಿನಲ್ಲಿ ಹಸಿ ಇಟ್ಟಿಗೆಯ ಮನೆಗಳು ಕುಸಿದು ಸಾವಿರಾರು ಜನ ಸತ್ತಿದ್ದರು. ಅಂಥ ಒಂದೊಂದು ಪೆಟ್ಟಿನ ನಂತರವೂ ಅಲ್ಲಿ ಕಟ್ಟಡದ ನಿಯಮ ಬಿಗಿಯಾಗುತ್ತಾ ಬಂತು. ಅಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕಂಬಗಳಷ್ಟೇ ಅಲ್ಲ, ಉದ್ದುದ್ದ ಕಾಂಕ್ರೀಟ್ ಗೋಡೆಗಳೂ ಭಾರ ಹೊರುತ್ತವೆ. ಜೋರಾಗಿ ನಡುಗಿದಾಗ ಅಲ್ಲಲ್ಲಿ ಬಿರುಕು ಬಿಡಬಹುದು, ಕಟ್ಟಡ ಮಾತ್ರ ಕುಸಿಯಬಾರದು. ಕಟ್ಟಡದ ರಚನೆಯಲ್ಲೇ ದೋಷವಿದ್ದರೆ ಕಟ್ಟಿಸಿ ಮಾರಿದವರು 10 ವರ್ಷ ಹೊಣೆ. ಈ ಕಾನೂನು ಸಿಮೆಂಟಿನಷ್ಟೇ ಕೆಲಸ ಮಾಡಿದೆ ಅನ್ನುವುದು ನನ್ನ ನಂಬಿಕೆ.

ಹಾಗಂತ ಎಲ್ಲವೂ ಸರಿ ಇರಲಿಲ್ಲ. 2010ರಲ್ಲಿ ಕಾನ್ಸೆಪ್ಸಿಯೋನ್ ನಗರದ 15 ಮಹಡಿಯ ಆಲ್ಟೊ ರಿಯೊ ಕಟ್ಟಡ ಅಂಗಾತ ಬಿದ್ದು 8 ಜನ ಸತ್ತರು. ಹಳತೇನಲ್ಲ, ಹೊಸ ಕಟ್ಟಡ. ಬೇರೆ ಹಲವು ಎತ್ತರದ ಕಟ್ಟಡಗಳಲ್ಲೂ ಕೆಳಮಹಡಿಯ ತೆಳು ಗೋಡೆಗಳ ಅಂಚು ನಜ್ಜುಗುಜ್ಜಾಗಿತ್ತು. ನೆಟ್ಟಗಿನ ಕಂಬಿಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ರಿಂಗುಗಳು ಅಲ್ಲಿ ಸಾಕಷ್ಟು ಇರಲಿಲ್ಲ. ರಿಂಗು ಬಿಗಿಯಾಗಿಲ್ಲದಿದ್ದರೆ ಭಾರಕ್ಕೆ ಕಂಬಿ ಹೊರಕ್ಕೆ ಬಾಗುತ್ತದೆ, ಕಾಂಕ್ರೀಟ್ ಪುಡಿಯಾಗಿ ಉದುರುತ್ತದೆ. ಗೋಡೆಯ ಅಂಚಿಗೆ ಆ ರಿಂಗು ಕಡ್ಡಾಯವೇನಲ್ಲ ಎಂದು 1996ರ ನಿಯಮ ಸಡಿಲ ಬಿಟ್ಟಿತ್ತು. 2011ರಲ್ಲಿ ಅದನ್ನು ತಿದ್ದಿದರು.

ಅದಕ್ಕಿಂತ ಸಂಕಟದ್ದು 2010ರ ಸುನಾಮಿ. ಅಂದು ಬೆಳಗಿನ ಜಾವ 3.34ಕ್ಕೆ ನೆಲ ನಡುಗಿತ್ತು. ಎಚ್ಚರಿಕೆ ಕೊಡಬೇಕಾದವರಲ್ಲೇ ಗೊಂದಲವಾಗಿ, ಕೊಟ್ಟಿದ್ದ ಎಚ್ಚರಿಕೆಯನ್ನೂ ಹಿಂದಕ್ಕೆ ಪಡೆದರು. ಕಾನ್ಸ್ಟಿಟ್ಯೂಸಿಯೋನ್ ಊರಿನ ನದಿ ನಡುವಿನ ಒರೆಗೊ ದ್ವೀಪದಲ್ಲಿ ಬೇಸಿಗೆ ಕೊನೆಯ ಹಬ್ಬಕ್ಕೆ ಬಂದವರು ಡೇರೆ ಹಾಕಿ ಮಲಗಿದ್ದರು. ದಡಕ್ಕೆ ದೋಣಿಯಲ್ಲೇ ಹೋಗಬೇಕು. ಆ ಕತ್ತಲಲ್ಲಿ ಅಲೆ ಬಂತು.

2015ರ ಸೆಪ್ಟೆಂಬರ್ 16ರ ಸಂಜೆ 8.3ರ ಭೂಕಂಪವಾದಾಗ ಹಾಗಾಗಲಿಲ್ಲ. ಕೂಡಲೇ ಎಚ್ಚರಿಕೆ ಹೊರಟಿತು. ಕರಾವಳಿಯ ಸುಮಾರು 10 ಲಕ್ಷ ಜನ ಎತ್ತರದ ಜಾಗಗಳಿಗೆ ಸರಿದರು. ಕೊಕಿಂಬೊ ಬಂದರಿಗೆ 4 ಮೀಟರಿಗೂ ಎತ್ತರದ ಅಲೆ ನುಗ್ಗಿ ದೋಣಿಗಳನ್ನು ಬೀದಿಗೆ ತಂದು ಹಾಕಿತು. ದೇಶದಲ್ಲೆಲ್ಲ ಸೇರಿ ಸತ್ತವರು 15 ಜನ.