ಚಪ್ಪೆ ಆಪರೇಷನ್: ಗಾಯದ ಉದ್ದವಲ್ಲ, ಜಾಗ ಕೇಳಿ

ಚಪ್ಪೆ ಕೀಲು ಬದಲಿಸಿಕೊಳ್ಳಲು ಬರುವವರು ಮೊದಲು ಖರ್ಚು ಕೇಳುತ್ತಾರೆ, ಆಮೇಲೆ 'ಗಾಯ ಎಷ್ಟುದ್ದ ಆಗ್ತತ್ರಿ ಸರ್?' ಅನ್ನುತ್ತಾರೆ. ಎಲ್ಲಿ ಕೊಯ್ಯುತ್ತೀರಿ ಎಂದು ಕೇಳಿದವರು ಕಡಿಮೆ. ನರದ ಮಟ್ಟಿಗೆ ಕೇಳಬೇಕಾದದ್ದು ಅದನ್ನೇ.

ಕೀಲಿಗೆ ಹಿಂದಿನಿಂದ, ಪಕ್ಕದಿಂದ, ಮುಂದಿನಿಂದ ಹೋಗಬಹುದು. ಹಿಂದಿನಿಂದ ಹೋದರೆ ಸಯಾಟಿಕ್ ನರದ, ಅಂದರೆ ಕುಂಡಿಯ ಹಿಂದಿನಿಂದ ಕಾಲಿಗೆ ಇಳಿಯುವ ದಪ್ಪ ನರದ ಬಗ್ಗೆ ಎಚ್ಚರ ಬೇಕು. ಪಕ್ಕದಿಂದ ಹೋಗುವಾಗ ಸ್ನಾಯುವನ್ನು, ಚಪ್ಪೆಯ ಹೊರಮಗ್ಗುಲಲ್ಲಿ ಕೈಗೆ ಸಿಗುವ ತೊಡೆಮೂಳೆಯ ಗಂಟಿನ ತುದಿಯಿಂದ ಸುಮಾರು 5 ಸೆಂ.ಮೀ.ಗಿಂತ ಮೇಲಕ್ಕೆ ಸೀಳಬಾರದು, ಅಲ್ಲೊಂದು ನರವಿದೆ. ಇವೆರಡೂ ಆಳದಲ್ಲಿರುವಂಥವು. ಚರ್ಮದ ಹತ್ತಿರವೇ ಇದ್ದು ಮೊದಲ ಕೊಯ್ತಕ್ಕೇ ಸಿಕ್ಕಿಬಿಡಬಹುದಾದದ್ದು ಮುಂದಿನ ದಾರಿಯಲ್ಲಿರುವ, ತೊಡೆಯ ಹೊರಬದಿಯ ಸ್ಪರ್ಶ ನರ. ಬೆನ್ನಿನಿಂದ ಹೊರಟು, ಬೆಲ್ಟ್ ಕೆಳಗೆ ಮುಂಭಾಗದಲ್ಲಿ ಕೈಗೆ ಸಿಗುವ ಎಲುಬಿನ ಉಬ್ಬಿನ ಒಳಮಗ್ಗುಲಲ್ಲಿ ತೊಡೆಗೆ ಇಳಿಯುತ್ತದೆ. ಸ್ನಾಯು ನಡೆಸುವ ಕೆಲಸ ಇದಕ್ಕಿಲ್ಲ. ಹಾಗಾಗಿ ಪೆಟ್ಟಾದರೂ ನಡಿಗೆ ಕೆಡುವುದಿಲ್ಲ. ಆದರೆ ತೊಡೆ ಜೋಮು ಹಿಡಿಯುತ್ತದೆ, ಉರಿಯುತ್ತದೆ. 'ಬ್ಯಾರೆಯವರ ತೊಡಿ ಮುಟ್ಟಿದಂಗ ಆಗ್ತತ್ರಿ' ಎಂದು ಜಗಳೂರು ಕಡೆಯ ಅಜ್ಜಿಯೊಬ್ಬರು ಹೇಳಿದ್ದರು. ಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಬರೆದಿಲ್ಲ.

ಅದಕ್ಕೇ ಮುಂದಿನಿಂದ ಹೋಗುವಾಗ ಆ ಎಲುಬಿನ ಉಬ್ಬನ್ನು ಪೆನ್ನಿನಿಂದ ಗುರುತಿಸಿ, ಅದರಿಂದ ಎರಡು ಮೂರು ಸೆಂ.ಮೀ. ಹೊರಕ್ಕೆ, ಸ್ವಲ್ಪ ಕೆಳಗೆ ಕೊಯ್ತ ಶುರು ಮಾಡುತ್ತೇವೆ. ಚರ್ಮದಡಿಯ ಬಿಳಿ ಪೊರೆಯನ್ನೂ ಹೊರಬದಿಯ ಟೆನ್ಸರ್ ಸ್ನಾಯುವಿನ ಮೇಲೆಯೇ ತೆರೆದು, ಆ ಸ್ನಾಯುವಿನ ಚೀಲದೊಳಗಿಂದಲೇ ಸಾಗಿದರೆ ನರ ತನ್ನ ಹೊದಿಕೆಯ ಸಮೇತ ಒಳಬದಿಗೆ ಸರಿದುಕೊಳ್ಳುತ್ತದೆ. ಒಂದೆರಡು ಬೆರಳಿನ ವ್ಯತ್ಯಾಸ, ಅಷ್ಟೇ.

ಈಗ ಗಾಯ ಕಾಣದಂತೆ ತೊಡೆಸಂದಿನ ಮಡಿಕೆಯ ಗುಂಟ ಅಡ್ಡ ಕೊಯ್ಯುವ 'ಬಿಕಿನಿ' ಪದ್ಧತಿಯೂ ಬಂದಿದೆ. ನರದ ಕವಲುಗಳು ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ ಅಡ್ಡಗೆರೆ ಅವುಗಳಿಗೆ ಎದುರಾಗುವ ಸಂಭವವಿದೆ. ಚರ್ಮವನ್ನಷ್ಟೇ ಅಡ್ಡ ಕೊಯ್ದು, ಒಳಗೆ ಉದ್ದಕ್ಕೆ ತೆರೆದು, ಒಳಮಗ್ಗುಲಿಗೆ ಚಾಚದಿದ್ದರೆ ಅದೂ ನಡೆಯುತ್ತದೆ. ಆದರೆ ಪಂಚೆಯೊಳಗಿನ ಗಾಯ ನೋಡುವವರು ಯಾರು? ಇನ್ನು ಗಾಯ ಚಿಕ್ಕದಿರಲಿ ಎಂದು ಹಟ ಹಿಡಿದರೆ ಅಂಚುಗಳನ್ನು ಕೊಕ್ಕೆಗಳಿಂದ ಜೋರಾಗಿ ಎಳೆಯಬೇಕಾಗುತ್ತದೆ. ಕತ್ತರಿಸದಿದ್ದರೂ ಎಳೆತಕ್ಕೇ ನರ ನೊಂದೀತು.

ಇಷ್ಟಾದರೂ ಜೋಮು ಬರಬಹುದು. ಕೆಲವರಲ್ಲಿ ಈ ನರ ಬೀಸಣಿಗೆಯಂತೆ ಹೊರಬದಿಗೂ ಹರಡಿರುತ್ತದೆ, ಒಂದೆರಡು ಎಳೆ ತಪ್ಪಿಸಲಾಗುವುದಿಲ್ಲ. ಈ ಮಾತು ರುಜು ಹಾಕಿಸಿಕೊಳ್ಳುವ ಮೊದಲೇ ಆಗಬೇಕು. ಆಮೇಲೆ ಹೇಳಿದರೆ ಸಬೂಬಿನಂತೆ ಕೇಳುತ್ತದೆ.

ಬಹಳಷ್ಟು ಜನರಲ್ಲಿ ತಿಂಗಳು ಕಳೆದಂತೆ ಜೋಮಿನ ಜಾಗ ಕುಗ್ಗುತ್ತದೆ, ಕೆಲವರಲ್ಲಿ ಅಂಗೈಯಗಲ ಉಳಿದುಬಿಡುತ್ತದೆ. ಉಡಿದಾರ, ಬೆಲ್ಟು, ಲಂಗದ ಲಾಡಿ ಸಡಿಲವಿರಲಿ. ಜೋಮಿರುವ ಕಡೆ ಬಿಸಿನೀರಿನ ಚೀಲ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಒಲೆ ಮುಂದೆ ಕೆಲಸ ಮಾಡುವವರಿಗೆ ಇದನ್ನು ಎರಡು ಸಲ ಹೇಳುತ್ತೇನೆ.

ಆದರೆ ಆಪರೇಷನ್ ಆದ ಮೇಲೆ, ಸೊಂಟಕ್ಕೆ ಕೊಟ್ಟ ಅರಿವಳಿಕೆ ಇಳಿದರೂ, ಪಾದ ಮೇಲಕ್ಕೆ ಎತ್ತಲು ಬರದಿದ್ದರೆ ಅದು ಈ ಜೋಮಲ್ಲ, ಸಯಾಟಿಕ್ ನರದ ತೊಂದರೆ ಇರಬಹುದು. ಬೆಳಗಿನ ರೌಂಡ್ಸಿಗೆ ಕಾಯದೆ ಆಗಲೇ ಸಿಸ್ಟರ್‌ಗೆ ಹೇಳಿ, ಡಾಕ್ಟರನ್ನು ಕರೆಸಿ.