ಕಿರುಬೆರಳಿಗೆ ಚುಚ್ಚಿದ ಸೂಜಿ, ಮೆದುಳಿನಲ್ಲಿ ಕಂಡ ಬಣ್ಣ

ಕಾಲಿನ ಕಿರುಬೆರಳಿನ ಉಗುರಿನ ಹೊರಮೂಲೆಯನ್ನು ಒಮ್ಮೆ ಮುಟ್ಟಿ ನೋಡಿ. ಅಕ್ಯುಪಂಕ್ಚರ್ ಚಾರ್ಟಿನಲ್ಲಿ ಆ ಚುಕ್ಕೆಗೆ ಬಿಎಲ್ 67 ಅಂತ ಹೆಸರು. ಕಣ್ಣಿನ ತೊಂದರೆಗೆ ಅಲ್ಲಿ ಸೂಜಿ ಚುಚ್ಚುವುದು ಚೀನೀ ವೈದ್ಯದಲ್ಲಿ ಹಳೇ ರೂಢಿ. ಕಾಲಿಗೂ ಕಣ್ಣಿಗೂ ಎತ್ತಣಿಂದೆತ್ತ ಸಂಬಂಧ ಅಂತ ಅನಿಸುತ್ತದೆ ಅಲ್ವಾ? 1998ರಲ್ಲಿ ಅಮೆರಿಕದ ಒಂದು ಪ್ರತಿಷ್ಠಿತ ವಿಜ್ಞಾನ ಪತ್ರಿಕೆಯಲ್ಲಿ "ಸಂಬಂಧ ಇದೆ, ಸ್ಕ್ಯಾನಿನಲ್ಲಿ ನಾವೇ ನೋಡಿದ್ದೇವೆ" ಎನ್ನುವ ಅರ್ಥದ ಪ್ರಬಂಧ ಬಂತು. ಎಂಟು ವರ್ಷ ಕಳೆದ ಮೇಲೆ ಬರೆದವರೇ ಅದನ್ನು ವಾಪಸ್ ತಗೊಂಡರು. ಮೊದಲನೆಯ ಸುದ್ದಿಯನ್ನು ಇವತ್ತಿಗೂ ಎಲ್ಲೆಲ್ಲೋ ಉದಾಹರಿಸುತ್ತಾರೆ, ಎರಡನೆಯದನ್ನು ಹೇಳುವವರು ಕಮ್ಮಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಅಮೆರಿಕದಲ್ಲಿ ಅಕ್ಯುಪಂಕ್ಚರ್ ಮನೆಮಾತಾಗಿದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಜೇಮ್ಸ್ ರೆಸ್ಟನ್ ಚೀನಾಕ್ಕೆ ಹೋಗಿದ್ದಾಗ ಅಪೆಂಡಿಕ್ಸ್ ಕೈಕೊಟ್ಟು ಬೀಜಿಂಗ್‌ನಲ್ಲೇ ಆಪರೇಷನ್ ಆಯಿತು. ಸೂಜಿ ಚುಚ್ಚಿಯೇ ಅವರ ಹೊಟ್ಟೆ ಕೊಯ್ದರು ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಆಪರೇಷನ್ ನಡೆದಿದ್ದು ಮಾಮೂಲಿ ಅರಿವಳಿಕೆ ಔಷಧಿ ಕೊಟ್ಟು. ಆಮೇಲೆ ಹೊಟ್ಟೆ ಉಬ್ಬರಿಸಿಕೊಂಡಾಗ ಮೊಣಕೈಗೆ, ಮಂಡಿಯ ಕೆಳಗೆ ಸೂಜಿ ಹಾಕಿದರು ಅಷ್ಟೇ. ಅದನ್ನು ಅವರು ಪತ್ರಿಕೆಯಲ್ಲಿ ಬರೆದರು, ಮುಂದಿನ ವರ್ಷ ಅಧ್ಯಕ್ಷ ನಿಕ್ಸನ್ ಕೂಡ ಚೀನಾಕ್ಕೆ ಹೋಗಿಬಂದರು, ಅಲ್ಲಿಂದ ಕುತೂಹಲಕ್ಕೆ ರೆಕ್ಕೆ ಬಂತು.

1970ರ ದಶಕದ ಕೊನೆಗೆ ಒಂದು ಗಟ್ಟಿ ಸುಳಿವು ಸಿಕ್ಕಿತು. ನ್ಯಾಲೊಕ್ಸೋನ್ ಅಂತ ಒಂದು ಔಷಧಿ ಇದೆ, ಮಾರ್ಫಿನ್‌ನಂಥವುಗಳ ಕೆಲಸಕ್ಕೆ ಅದು ಅಡ್ಡ ನಿಲ್ಲುತ್ತದೆ. ಅದನ್ನು ಕೊಟ್ಟರೆ ಸೂಜಿಯಿಂದ ತಗ್ಗಿದ ನೋವು ಮತ್ತೆ ಏರುತ್ತದೆ ಅಂತ ಆಗಿನ ಕೆಲವು ಪ್ರಯೋಗಗಳಲ್ಲಿ ಕಂಡಿತು. ಅಂದರೆ ದೇಹ ತಾನೇ ತಯಾರಿಸುವ ನೋವುನಿವಾರಕಗಳಿಗೂ ಸೂಜಿಗೂ ಏನೋ ನಂಟಿದೆ. ಆದರೆ ಮೆದುಳಿನಲ್ಲಿ ಎಲ್ಲಿ, ಹೇಗೆ? ಅದನ್ನು ನೋಡಲು ಕಿಟಕಿ ಇರಲಿಲ್ಲ.

ಕಿಟಕಿ ತೆರೆದಿದ್ದು 1992ರ ಹೊತ್ತಿಗೆ, ಫಂಕ್ಷನಲ್ ಎಂಆರ್‌ಐ ಬಂದ ಮೇಲೆ. ಮೆದುಳಿನ ಯಾವ ಭಾಗ ಕೆಲಸಕ್ಕಿಳಿಯುತ್ತದೋ ಅಲ್ಲಿಗೆ ರಕ್ತ ಜಾಸ್ತಿ ನುಗ್ಗುತ್ತದೆ. ಆಮ್ಲಜನಕ ಇರುವ ರಕ್ತ, ಇಲ್ಲದ ರಕ್ತ ಇವೆರಡೂ ಅಯಸ್ಕಾಂತದ ಮುಂದೆ ಬೇರೆ ಬೇರೆ ಥರ ವರ್ತಿಸುತ್ತವೆ. ಯಂತ್ರ ಹಿಡಿಯುವುದು ಆ ಚೂರು ವ್ಯತ್ಯಾಸವನ್ನು. ಚಿತ್ರದಲ್ಲಿ ಕಾಣುವ ಕೆಂಪು, ಹಳದಿ ಬಣ್ಣ ಮೆದುಳಿನಲ್ಲಿ ಇರುವುದಲ್ಲ, ಲೆಕ್ಕ ಎಲ್ಲಾ ಮುಗಿದ ಮೇಲೆ ಕಂಪ್ಯೂಟರ್ ಬಳಿಯುವುದು. ಲೆಕ್ಕದಲ್ಲಿ ಬಿಗಿ ಇಲ್ಲದಿದ್ದರೆ ಏನಾಗುತ್ತದೆ ಅಂತ ತೋರಿಸಲು 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್ ಒಳಗೆ ಮಲಗಿಸಿ, ಅದಕ್ಕೆ ಜನರ ಫೋಟೋ ತೋರಿಸಿದರು. ಸತ್ತ ಮೀನಿನ ಮೆದುಳಿನಲ್ಲೂ "ಚಟುವಟಿಕೆ" ಕಂಡಿತು!

ಈಗ ಕಿರುಬೆರಳಿಗೆ ಬರೋಣ. 1998ರ ಪ್ರಯೋಗ ಮಾಡಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಝಾಂಗ್-ಹೀ ಚೋ ತಂಡ. ಚೋ ಸಾಮಾನ್ಯರಲ್ಲ, ದೇಹದೊಳಗಿನ ಚಟುವಟಿಕೆಯ ಚಿತ್ರ ತೆಗೆಯುವ ಪೆಟ್ ಸ್ಕ್ಯಾನರ್ ಕಟ್ಟಿದ ಮೊದಲಿಗರಲ್ಲಿ ಒಬ್ಬರು. ಕಣ್ಣಿಗೆ ಬೆಳಕು ಮಿನುಗಿಸಿದಾಗ ತಲೆಯ ಹಿಂಭಾಗದ ದೃಷ್ಟಿ ಕೇಂದ್ರ ಎಚ್ಚರವಾಯಿತು. ಕಿರುಬೆರಳಿಗೆ ಸೂಜಿ ಚುಚ್ಚಿದಾಗಲೂ ಅದೇ ಜಾಗ ಎಚ್ಚರವಾಯಿತು ಅಂದರು. ಕೆಲವರಲ್ಲಿ ಸಿಗ್ನಲ್ ಏರಿತ್ತು, ಕೆಲವರಲ್ಲಿ ಇಳಿದಿತ್ತು. ಅದನ್ನು ಯಿನ್-ಯಾಂಗ್, ಅಂದರೆ ಚೀನೀ ವೈದ್ಯ ಹೇಳುವ ಎರಡು ವಿರುದ್ಧ ಗುಣಗಳ ಲೆಕ್ಕಕ್ಕೆ ಹಾಕಿದರು. ಏರಿದರೂ ಸರಿ ಇಳಿದರೂ ಸರಿ ಅನ್ನುವುದಾದರೆ ತಪ್ಪಾಗುವುದಾದರೂ ಹೇಗೆ ಅಂತ ನನಗೆ ಅನಿಸುತ್ತದೆ. ಆದರೂ ಚೋ ಅಲ್ಲಿಗೆ ಕೈಬಿಡಲಿಲ್ಲ. ಇನ್ನಷ್ಟು ಪ್ರಯೋಗ ಮಾಡಿದರು. 2006ರಲ್ಲಿ, ನೋವಿನ ವಿಷಯದಲ್ಲಾದರೂ ಇಂಥದೇ ಚುಕ್ಕೆ ಅನ್ನುವ ವಿಶೇಷ ಕಾಣುತ್ತಿಲ್ಲ, ಹಳೇ ಫಲಿತಾಂಶವನ್ನು ನಾವೇ ಒಪ್ಪುವುದಿಲ್ಲ ಅಂತ ಹೇಳಿ ಪ್ರಬಂಧ ಹಿಂಪಡೆದರು. ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಗೌರವ ಬಂದಿದ್ದು ಇಲ್ಲಿಯೇ.

ಈ ನಡುವೆ, 2000ದಲ್ಲಿ, ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕ್ಯಾಥ್ಲೀನ್ ಹುಯಿ ಬೇರೆ ದಾರಿ ಹಿಡಿದಿದ್ದರು. ಹೆಬ್ಬೆರಳು, ತೋರುಬೆರಳಿನ ನಡುವಿನ ಜಾಗಕ್ಕೆ ಸೂಜಿ ಹಾಕಿ ಮೆಲ್ಲಗೆ ತಿರುಗಿಸುವುದು, ಬಿಡುವುದು, ಮತ್ತೆ ತಿರುಗಿಸುವುದು. ಸೂಜಿ ಹಾಕಿಸಿಕೊಂಡವರಿಗೆ ಜುಮ್ಮೆನ್ನುವ, ಭಾರವಾದ, ಒಳಗೇ ಸೆಳೆದಂಥ ಒಂದು ಅನುಭವ ಆಗುತ್ತದೆ. ಚೀನೀಯರು ಅದಕ್ಕೆ ದೆ-ಚಿ ಅನ್ನುತ್ತಾರೆ. ಒಟ್ಟು 13 ಜನರಲ್ಲಿ 11 ಜನಕ್ಕೆ ಅದು ಆಯಿತು, ಅವರ ಮೆದುಳಿನಲ್ಲಿ ಭಯ, ಭಾವನೆ, ನೆನಪಿಗೆ ಸಂಬಂಧಿಸಿದ ಒಳಭಾಗಗಳು ತಣ್ಣಗಾದವು. ಉಳಿದ ಇಬ್ಬರಿಗೆ ಸುಮ್ನೆ ನೋವಾಯಿತು, ಅವರಲ್ಲಿ ಸಿಗ್ನಲ್ ಏರಿತು. ಮೆದುಳು ಉರಿಯುವುದಲ್ಲ, ಆರುವುದು ಮುಖ್ಯ ಎನ್ನುವ ಹೊಸ ಯೋಚನೆ ಅಲ್ಲಿಂದ ಬಂತು.

ಆದರೆ ನಂಬಿಕೆಯ ಪಾಲೆಷ್ಟು, ಸೂಜಿಯ ಪಾಲೆಷ್ಟು? ಇದಕ್ಕೆ 1998ರಲ್ಲೇ ಜರ್ಮನಿಯ ಸ್ಟ್ರೈಟ್‌ಬರ್ಗರ್ ಒಂದು ಕಳ್ಳ ಸೂಜಿ ಮಾಡಿದ್ದರು. ನಾಟಕದ ಚೂರಿ ನೋಡಿದ್ದೀರಲ್ಲ, ಹಾಗೇ. ಮೊಂಡು ತುದಿ ಚರ್ಮಕ್ಕೆ ತಾಗುತ್ತದೆ, ಸೂಜಿ ತನ್ನ ಹಿಡಿಯೊಳಗೇ ಜಾರುತ್ತದೆ, ನೋಡುವವರಿಗೆ ಒಳಗೆ ಹೋದಂತೆಯೇ ಕಾಣುತ್ತದೆ. 2005ರಲ್ಲಿ ಸಂಧಿವಾತ ಇದ್ದವರ ಮೇಲೆ ಇದನ್ನು ಬಳಸಿ ಪೆಟ್ ಸ್ಕ್ಯಾನ್ ಮಾಡಿದಾಗ, ನಿರೀಕ್ಷೆಗೆ ಸಂಬಂಧಿಸಿದ ಜಾಗಗಳು ಕಳ್ಳ ಸೂಜಿಗೂ ಎದ್ದವು. ನಿಜವಾದ ಸೂಜಿಗೆ ಮಾತ್ರ ಇನ್ಸುಲಾ ಅನ್ನುವ ಭಾಗ ಇನ್ನಷ್ಟು ಹೆಚ್ಚು ಸ್ಪಂದಿಸಿತು. ಅಂದರೆ ನಂಬಿಕೆಯೂ ಕೆಲಸ ಮಾಡುತ್ತದೆ, ಸೂಜಿಯೂ ಏನೋ ಮಾಡುತ್ತದೆ.

ಸ್ಕ್ಯಾನರ್ ಹೊರಗಿನ ಲೆಕ್ಕ ಇನ್ನೂ ಮುಜುಗರದ್ದು. 2007ರಲ್ಲಿ ಜರ್ಮನಿಯಲ್ಲಿ ಬೆನ್ನುನೋವಿನ 1,162 ಜನರ ಮೇಲೆ ನಡೆದ ಅಧ್ಯಯನದಲ್ಲಿ ಶಾಸ್ತ್ರೋಕ್ತ ಸೂಜಿ ಶೇ. 47.6 ಜನಕ್ಕೆ ಗುಣ ಕೊಟ್ಟಿತು, ಎಲ್ಲೆಲ್ಲೋ ಮೇಲುಮೇಲೆ ಚುಚ್ಚಿದ ಸೂಜಿ ಶೇ. 44.2 ಜನಕ್ಕೆ. ಮಾಮೂಲಿ ಚಿಕಿತ್ಸೆ? ಶೇ. 27.4.

ಕೊನೆಗೆ 2017ರ ಒಂದು ಅಧ್ಯಯನ, ಅದೂ ಬಾಸ್ಟನ್‌ನದೇ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಬೆರಳು ಜೋಮು ಹಿಡಿಯುವ ಕಾರ್ಪಲ್ ಟನಲ್ ತೊಂದರೆಯ 80 ಜನ. ಕೆಲವರಿಗೆ ಮಣಿಕಟ್ಟಿಗೇ ಸೂಜಿ, ಕೆಲವರಿಗೆ ಎದುರು ಬದಿಯ ಕಾಲಿನ ಗಿಣ್ಣಿನ ಹತ್ತಿರ, ಉಳಿದವರಿಗೆ ಕಳ್ಳ ಸೂಜಿ. "ಹೇಗಿದೆ ಈಗ?" ಅಂತ ಕೇಳಿದರೆ ಮೂರೂ ಗುಂಪಿನವರು ಹೆಚ್ಚುಕಮ್ಮಿ ಒಂದೇ ಥರ ಪರವಾಗಿಲ್ಲ ಅಂದರು. ಆದರೆ ನರದಲ್ಲಿ ಸಂದೇಶ ಹರಿಯುವ ವೇಗ ಅಳೆದಾಗ ಸುಧಾರಣೆ ಇದ್ದಿದ್ದು ನಿಜವಾದ ಸೂಜಿ ಹಾಕಿಸಿಕೊಂಡವರಲ್ಲಿ. ಈ ಕಾಯಿಲೆಯಲ್ಲಿ ಮೆದುಳಿನೊಳಗೆ ತೋರುಬೆರಳು, ಮಧ್ಯದ ಬೆರಳಿನ ಜಾಗಗಳು ಒಂದರ ಮೇಲೊಂದು ಕಲಸಿಹೋಗಿರುತ್ತವೆ. ಅವು ಮತ್ತೆ ಬೇರೆಯಾಗಿದ್ದೂ ಅವರಲ್ಲೇ. ಹಾಗೆ ಬೇರೆಯಾದಷ್ಟೂ ಮೂರು ತಿಂಗಳ ನಂತರವೂ ಆರಾಮ ಉಳಿದಿತ್ತು. ಕಾಲಿಗೆ ಸೂಜಿ ಹಾಕಿಸಿಕೊಂಡವರ ಕೈಯ ನರವೂ ಸುಧಾರಿಸಿತ್ತು.