ಕ್ಯಾಲ್ಸಿಯಂ ಒಳಬಂದರೆ ಪೊಟ್ಯಾಸಿಯಂ ಹೊರಕ್ಕೆ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆಯ ಹೆಸರು ಕೇಳಿದವರಿದ್ದಾರೆ. ಅದರ ನಿರ್ಮೂಲನೆಗೆಂದೇ 2023ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಅಭಿಯಾನ ಆರಂಭಿಸಿತು. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಲು ಹಿಮೋಗ್ಲೋಬಿನ್ನಿನ ದೋಷ ಕಾರಣ. ಇದು ಹಳೆಯ ವಿಷಯ. ಅದೇ ಕಣ ನೀರು ಕಳೆದುಕೊಂಡು ಸೊರಗುವುದೇಕೆ ಎಂಬುದರ ಎಳೆ ಮಾತ್ರ ಹಂಗೇರಿಯಲ್ಲಿ ಸಿಕ್ಕಿತು.

1958ರಲ್ಲಿ ಅಲ್ಲಿನ ವಿಜ್ಞಾನಿ ಗಾರ್ದೋಶ್, ಮನುಷ್ಯನ ಕೆಂಪು ರಕ್ತಕಣಗಳ ಶಕ್ತಿ ಬರಿದಾಗುವಂತೆ ಮಾಡಿದಾಗ ಒಳಗಿನ ಪೊಟ್ಯಾಸಿಯಂ ಸೋರಿಹೋಯಿತು. ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಇಡಿಟಿಎ ಎಂಬ ರಾಸಾಯನಿಕ ಬೆರೆಸಿದರೆ ಸೋರಿಕೆಯಿಲ್ಲ! ಅಷ್ಟು ಸರಳ ಪ್ರಯೋಗ, ಆದರೆ ಅದರ ಅರ್ಥ ಬಿಡಿಸಲು ನಲವತ್ತು ವರ್ಷ ಬೇಕಾಯಿತು. 1970ರ ದಶಕದ ಆರಂಭದಲ್ಲಿ ರಾಬರ್ಟ್ ಮೀಚ್ ಬಸವನಹುಳುವಿನ ನರಕೋಶಕ್ಕೆ ಕ್ಯಾಲ್ಸಿಯಂ ಚುಚ್ಚಿ, ಅಲ್ಲಿಯೂ ಪೊಟ್ಯಾಸಿಯಂ ಹರಿವು ಹೆಚ್ಚುವುದನ್ನು ಕಂಡರು. 1981ರ ಹೊತ್ತಿಗೆ, ಕೋಶಪೊರೆಯ ಚೂರಿನಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ಪ್ಯಾಚ್ ಕ್ಲ್ಯಾಂಪ್ ತಂತ್ರದಿಂದ, ಪೊಟ್ಯಾಸಿಯಂ ಹಾದುಹೋಗುವ ಪೊರೆಯ ಇಂಥ ಒಂದೊಂದೇ ನಾಳ ತೆರೆದು ಮುಚ್ಚುವುದನ್ನೂ ದಾಖಲಿಸಲಾಯಿತು.

ಕೋಶದೊಳಗೆ ಕ್ಯಾಲ್ಸಿಯಂ ಇರುವುದು ಹೊರಗಿನದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಹಾಗಾಗಿ ತುಸು ನುಗ್ಗಿದರೂ ಅದು ದೊಡ್ಡ ಸುದ್ದಿ. ಬಿಕೆ ಎಂಬ ದೊಡ್ಡ ನಾಳದಲ್ಲಿ ಕ್ಯಾಲ್ಸಿಯಂ ನೇರವಾಗಿ ನಾಳಕ್ಕೇ ಅಂಟುತ್ತದೆ. ವಿದ್ಯುತ್ ಒತ್ತಡವೂ ಅದನ್ನು ತೆರೆಯಬಲ್ಲದು. ಎಸ್‌ಕೆ ಎಂಬ ಸಣ್ಣ ನಾಳದ ರೀತಿಯೇ ಬೇರೆ. ಅಲ್ಲಿ ಕ್ಯಾಲ್ಸಿಯಂ ನಾಳವನ್ನು ಮುಟ್ಟುವುದೇ ಇಲ್ಲ. ಮಂಡ್ಯದ ನಾಲೆಯ ತೂಬಿನ ಬಳಿ ನೀರುಗಂಟಿ ಕಾದಿರುವಂತೆ, ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನ್ ಸದಾ ನಾಳಕ್ಕೆ ಅಂಟಿಕೊಂಡೇ ಇರುತ್ತದೆ. ಕ್ಯಾಲ್ಸಿಯಂ ಬಂದು ಸೇರಿದೊಡನೆ ಆಕಾರ ಬದಲಿಸಿ ನಾಳವನ್ನು ತೆರೆಸುತ್ತದೆ. 1998ರಲ್ಲಿ ಹೊರಬಿದ್ದ ಈ ಸಂಗತಿ, ನನ್ನ ಮಟ್ಟಿಗೆ, ಇಡೀ ಕಥೆಯ ಸೊಗಸಾದ ಭಾಗ. ಗಾರ್ದೋಶ್ ಕಂಡಿದ್ದ ಸೋರಿಕೆಯ ನಾಳವೂ ಇದೇ ಕುಟುಂಬದ್ದು.

ಸಿಕಲ್ ಸೆಲ್‌ನಲ್ಲಿ ಬಾಗಿದ ಕಣದೊಳಕ್ಕೆ ಕ್ಯಾಲ್ಸಿಯಂ ನುಸುಳುತ್ತದೆ, ನಾಳ ತೆರೆಯುತ್ತದೆ. ಪೊಟ್ಯಾಸಿಯಂ, ಕ್ಲೋರೈಡ್, ಅವುಗಳ ಹಿಂದೆಯೇ ನೀರು ಹೊರಡುತ್ತವೆ. ಹಿಮೋಗ್ಲೋಬಿನ್ ದಟ್ಟವಾಗಿ ಕಣ ಇನ್ನಷ್ಟು ಬೇಗ ಬಾಗುತ್ತದೆ. ನಾಳ ಮುಚ್ಚಿದರೆ ರೋಗ ತಗ್ಗೀತೇ? ಸೆನಿಕಪಾಕ್ ಎಂಬ ಔಷಧವನ್ನು ಹಾಗೆಂದೇ ಪರೀಕ್ಷಿಸಿದರು. ಕಣಗಳು ಒಡೆಯುವುದು ಕಡಿಮೆಯಾಯಿತು, ಹಿಮೋಗ್ಲೋಬಿನ್ ಏರಿತು. ರೋಗಿಗಳನ್ನು ಹಿಂಡುವ ನೋವು ಮಾತ್ರ ಇಳಿಯಲಿಲ್ಲ. ಮೂರನೇ ಹಂತದ ಪರೀಕ್ಷೆ ಅರ್ಧಕ್ಕೇ ನಿಂತಿತು. ವೈದ್ಯರು ಇಂದಿಗೂ ಹೆಚ್ಚಾಗಿ ನೆಚ್ಚಿರುವುದು ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನು. ಅದರ ಮುಖ್ಯ ಕೆಲಸ ಭ್ರೂಣದ ಕಾಲದ ಹಿಮೋಗ್ಲೋಬಿನ್ ಅನ್ನು ಹೆಚ್ಚಿಸುವುದು.